ಔಷಧೀಯ ಪಾಕಮೂಲಿಕೆಗಳು: ಕರ್ನಾಟಕದ ಮನೆಬಳಕೆ

ಔಷಧೀಯ ಪಾಕಮೂಲಿಕೆಗಳೆಂದರೆ ಆಹಾರವಾಗಿಯೂ ಮದ್ದಾಗಿಯೂ ಒಂದೇ ಮನೆಯಲ್ಲಿ, ಬಹುಮಟ್ಟಿಗೆ ಒಂದೇ ಕೈಯಿಂದ ಬಳಕೆಯಾಗುವ ಸಸ್ಯಗಳು ಮತ್ತು ಅವುಗಳ ಎಲೆ, ಬೇರು, ಕಂದ, ಬೀಜ, ತೊಗಟೆ ಮೊದಲಾದ ಅಂಗಗಳು. ಸಸ್ಯಶಾಸ್ತ್ರದಲ್ಲಿ ಮೃದುಕಾಂಡದ ಗಿಡಗಳಿಗೆ ಮಾತ್ರ ಸಲ್ಲುವ ಸಂಕುಚಿತಾರ್ಥವನ್ನು ಬಿಟ್ಟು, ಕರಿಬೇವಿನಂಥ ಮರದ ಎಲೆಯನ್ನೂ ಅಮೃತಬಳ್ಳಿಯಂಥ ಲತೆಯ ಕಾಂಡವನ್ನೂ ಒಳಗೊಳ್ಳುವಂತೆ ಮೂಲಿಕೆಯೆಂಬ ಪದವನ್ನು ಈ ಲೇಖನದಲ್ಲಿ ವಿಶಾಲವಾಗಿ ಬಳಸಿದೆ. ವೈದ್ಯನ ಕೈಯಿಂದ ಮಾತ್ರವೇ ರೋಗಿಗೆ ಸಲ್ಲುವ, ಅಡುಗೆಮನೆಯ ಹೊಸ್ತಿಲನ್ನು ದಾಟಿ ಬಾರದ ಸರ್ಪಗಂಧಿಯೇ ಮೊದಲಾದ ದ್ರವ್ಯಗಳು ಇಲ್ಲಿ ವಿಚಾರಕ್ಕೆ ಬಂದಿಲ್ಲ.

ಕನ್ನಡನಾಡಿನ ಮನೆಬಳಕೆಯಲ್ಲಿ ಆಹಾರ ಮತ್ತು ಔಷಧಗಳ ನಡುವಣ ಭೇದವು ಸಸ್ಯವನ್ನು ಅವಲಂಬಿಸಿದುದಲ್ಲ. ಪ್ರಮಾಣ, ಪಾಕ, ಅನುಪಾನ, ಕಾಲ ಈ ನಾಲ್ಕನ್ನು ಅವಲಂಬಿಸಿದುದು. ಮಧ್ಯಾಹ್ನದ ಊಟಕ್ಕೆ ತೆಂಗಿನಕಾಯಿ ಮಜ್ಜಿಗೆಗಳೊಡನೆ ತಂಬುಳಿಯಾಗುವ ದೊಡ್ಡಪತ್ರೆಯ ಎಲೆಯೇ, ಕೆಂಡದ ಮೇಲೆ ಬಾಡಿಸಿ ಹಿಂಡಿದ ನಾಲ್ಕು ಹನಿ ರಸಕ್ಕೆ ಜೇನುತುಪ್ಪ ಬೆರೆತಾಗ ಕೂಸಿನ ನೆಗಡಿಯ ಮದ್ದಾಗುತ್ತದೆ. ಆದುದರಿಂದ ಗಿಡಗಳ ಪಟ್ಟಿಯೊಂದನ್ನು ಕೊಟ್ಟು ಒಂದೊಂದರ ಮುಂದೆ ಒಂದೊಂದು ರೋಗದ ಹೆಸರನ್ನು ಬರೆದ ಮಾತ್ರಕ್ಕೆ ಈ ಜ್ಞಾನದ ಸ್ವರೂಪವು ತಿಳಿದಂತಾಗುವುದಿಲ್ಲ. ಪಾಕಕ್ರಮವನ್ನು ಬಿಟ್ಟ ಮೂಲಿಕಾಪಟ್ಟಿ ಅರ್ಧ ವಿದ್ಯೆಯಾಗುತ್ತದೆ.

ಚರಿತ್ರೆ

ಆಯುರ್ವೇದದ ಪ್ರಾಚೀನ ಸಂಹಿತೆಗಳು ಅನ್ನಪಾನವಿಚಾರವನ್ನು ಚಿಕಿತ್ಸೆಯ ಅಂಗವೆಂದೇ ಪರಿಗಣಿಸಿ, ಶಾಕವರ್ಗ, ಹರಿತವರ್ಗ ಮುಂತಾಗಿ ಸೊಪ್ಪುಸದೆಗಳನ್ನು ಗುಣಾನುಸಾರವಾಗಿ ವಿಂಗಡಿಸಿವೆ. ಕನ್ನಡನಾಡಿಗೆ ಸಂಬಂಧಿಸಿದಂತೆ, ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ಜೈನವೈದ್ಯದ ಮುಖ್ಯ ಗ್ರಂಥ, ಮದ್ಯಮಾಂಸಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟುದರಿಂದ ಸಸ್ಯದ್ರವ್ಯಗಳಿಗೆ ಅದರಲ್ಲಿ ಸಹಜವಾಗಿಯೇ ಹೆಚ್ಚಿನ ಸ್ಥಾನ ದೊರೆತಿದೆ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ಬರೆದ ‘ಕರ್ಣಾಟಕ ಕಲ್ಯಾಣಕಾರಕ’ವೂ, ವಿಷವೈದ್ಯವನ್ನು ಕುರಿತು 14ನೆಯ ಶತಮಾನದಲ್ಲಿ ಮಂಗರಾಜನು ಬರೆದ ‘ಖಗೇಂದ್ರಮಣಿದರ್ಪಣ’ವೂ ಈ ವಿದ್ಯೆಯನ್ನು ಕನ್ನಡಕ್ಕೆ ತಂದುವು.

ಪಾಕಶಾಸ್ತ್ರದ ಕಡೆಯಿಂದ ನೋಡುವುದಾದರೆ, ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು (ಸುಮಾರು 1025) ಅಡುಗೆ, ಸುಗಂಧದ್ರವ್ಯ, ವೃಕ್ಷಾಯುರ್ವೇದ, ಮನೆಮದ್ದು ಇವೆಲ್ಲವನ್ನೂ ಒಂದೇ ಹೊತ್ತಗೆಯಲ್ಲಿ ಕೂಡಿಸಿದ ಕೃತಿಯಾಗಿದ್ದು, ಗೃಹಸ್ಥನಿಗೆ ಬೇಕಾದ ವಿದ್ಯೆಗಳಲ್ಲಿ ಇವು ಪರಸ್ಪರ ಬೇರ್ಪಟ್ಟಿರಲಿಲ್ಲವೆಂಬುದಕ್ಕೆ ಅದರ ವಿಷಯವಿನ್ಯಾಸವೇ ಸಾಕ್ಷಿಯಾಗಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಅನ್ನಭೋಗಪ್ರಕರಣವೂ, 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವೂ ಅರಮನೆ ಮತ್ತು ಸಿರಿವಂತರ ಪಾಕವನ್ನು ವರ್ಣಿಸುತ್ತವೆ. ಹೊಲದ ಬದುವಿನಿಂದ ಕಿತ್ತು ತಂದ ಸೊಪ್ಪಿನ ಬಳಕೆಯಾದರೋ ಬರೆಹಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ, ಅದರಲ್ಲಿಯೂ ಹೆಂಗಸರ ಪರಂಪರೆಯಲ್ಲಿ, ಉಳಿದು ಬಂದಿತು.

ಪಶ್ಚಿಮಘಟ್ಟದ ಕಾಳುಮೆಣಸು ಈ ಮೂಲಿಕೆಗಳ ಪೈಕಿ ರಾಜಕೀಯ ಚರಿತ್ರೆಯನ್ನೇ ಪ್ರವೇಶಿಸಿದ ದ್ರವ್ಯ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಅದೇ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿಯು ನಿತ್ಯದ ಅಡುಗೆಯ ಖಾರವನ್ನು ಬಹುಮಟ್ಟಿಗೆ ವಶಪಡಿಸಿಕೊಂಡಿತಾದರೂ, ಪಥ್ಯದ ಅಡುಗೆಯಲ್ಲಿ ಅದಕ್ಕೆ ಪ್ರವೇಶ ದೊರೆಯಲಿಲ್ಲ. ಜ್ವರದಿಂದೆದ್ದವನಿಗೆ ಬಡಿಸುವ ಮೆಣಸಿನ ಸಾರಿನಲ್ಲಿ, ಬಾಣಂತಿಯ ಖಾರದಲ್ಲಿ, ಕಷಾಯದಲ್ಲಿ ಇಂದಿಗೂ ಕಾಳುಮೆಣಸೇ ಸಲ್ಲುವುದು.

ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥವನ್ನು ಸಿದ್ಧಪಡಿಸುವಾಗ, ಮಲೆಯಾಳದ ವೈದ್ಯ ಇಟ್ಟಿ ಅಚ್ಯುತನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ನೆರವನ್ನೂ ಪಡೆದನು. ಕರಾವಳಿಯ ಸಸ್ಯಜ್ಞಾನವು ಯೂರೋಪಿನ ಸಸ್ಯಶಾಸ್ತ್ರಕ್ಕೆ ಸಂದ ಮಾರ್ಗಗಳಲ್ಲಿ ಇದು ಮುಖ್ಯವಾದುದು.

ರಚನೆ ಮತ್ತು ಸಾರದ್ರವ್ಯಗಳು

ಪಾಕಮೂಲಿಕೆಗಳ ಪರಿಮಳ, ಖಾರ, ಕಹಿ, ಒಗರುಗಳಿಗೆ ಕಾರಣವಾದುವು ಸಸ್ಯವು ಕೀಟ, ಶಿಲೀಂಧ್ರ, ಮೇಯುವ ಪ್ರಾಣಿ ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಉತ್ಪಾದಿಸುವ ಸಾರದ್ರವ್ಯಗಳು. ಆವಿಯಾಗುವ ತೈಲಗಳು, ಕ್ಷಾರಾಭಗಳು, ಟ್ಯಾನಿನ್‌ಗಳು, ಗ್ಲೈಕೊಸೈಡ್‌ಗಳು ಇವುಗಳ ಮುಖ್ಯ ಜಾತಿಗಳು. ಈ ದ್ರವ್ಯವು ಸಸ್ಯದಲ್ಲಿ ಎಲ್ಲಿ, ಹೇಗೆ ಶೇಖರವಾಗಿರುವುದೆಂಬುದಕ್ಕೂ ಅಡುಗೆಯಲ್ಲಿ ಅದನ್ನು ಸಂಸ್ಕರಿಸುವ ಕ್ರಮಕ್ಕೂ ನಿಕಟವಾದ ಸಂಬಂಧವುಂಟು.

ತುಳಸಿಯ ಕುಟುಂಬವಾದ ಲೇಮಿಯೇಸೀಯಲ್ಲಿ ತೈಲವು ಎಲೆಯ ಹೊರಮೈಯ ಗ್ರಂಥಿರೋಮಗಳಲ್ಲಿ ತುಂಬಿರುತ್ತದೆ. ಬೆರಳಿನಿಂದ ಸವರಿದ ಮಾತ್ರಕ್ಕೇ ಅವು ಒಡೆದು ಗಂಧ ಸೂಸುವುದರಿಂದ ತುಳಸಿ, ಪುದೀನ, ದೊಡ್ಡಪತ್ರೆಗಳನ್ನು ಹಸಿಯಾಗಿ ಜಜ್ಜಿ ಅಥವಾ ತುಸು ಬಾಡಿಸಿ ಬಳಸಿದರೆ ಸಾಕು, ದೀರ್ಘಕಾಲ ಕುದಿಸಿದರೆ ಗಂಧವೇ ಹಾರಿಹೋಗುತ್ತದೆ. ನಿಂಬೆಯ ಕುಟುಂಬಕ್ಕೆ ಸೇರಿದ ಕರಿಬೇವಿನಲ್ಲಿ ತೈಲಗ್ರಂಥಿಗಳು ಎಲೆಯ ಒಳಗೆ ಹುದುಗಿವೆ. ಬೆಳಕಿಗೆ ಹಿಡಿದರೆ ಚುಕ್ಕೆಗಳಂತೆ ಕಾಣುವ ಇವು ಕಾದ ಎಣ್ಣೆಯಲ್ಲಿ ಚಟಪಟಿಸಿ ಸೀಳಿದಾಗ ತಮ್ಮ ಸಾರವನ್ನು ಎಣ್ಣೆಗೆ ಬಿಟ್ಟುಕೊಡುವುದರಿಂದ ಒಗ್ಗರಣೆಯೇ ಅದಕ್ಕೆ ತಕ್ಕ ಕ್ರಮ. ಜೀರಿಗೆ, ಕೊತ್ತಂಬರಿ, ಓಮ, ಸಬ್ಬಸಿಗೆಗಳ ಕುಟುಂಬವಾದ ಎಪಿಯೇಸೀಯಲ್ಲಿ ವಾಡಿಕೆಯಲ್ಲಿ ಬೀಜವೆನ್ನಿಸಿಕೊಳ್ಳುವುದು ವಾಸ್ತವವಾಗಿ ಒಣಫಲ. ಅದರ ಸಿಪ್ಪೆಯ ಉದ್ದಕ್ಕೂ ತೈಲನಾಳಗಳು ಹಾದುಹೋಗಿರುವುದರಿಂದ ಹುರಿಯುವುದೂ ಕುಟ್ಟುವುದೂ ಆವಶ್ಯಕವಾಗುತ್ತವೆ. ಗಟ್ಟಿಯಾದ ತೊಗಟೆ ಬೇರುಗಳ ಸಾರವು ಕುದಿಯದೆ ಹೊರಬರುವುದಿಲ್ಲ.

ಅರಿಶಿನದ ಹಳದಿಗೆ ಕಾರಣವಾದ ಕುರ್ಕುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಕರಗುತ್ತದೆ. ಅದನ್ನು ಹಾಲು, ತುಪ್ಪ, ಎಣ್ಣೆಗಳೊಡನೆ ಸೇವಿಸುವ ವಾಡಿಕೆಗೆ ಹೀಗೊಂದು ಆಧಾರ ದೊರೆಯುತ್ತದೆ. ಕಾಳುಮೆಣಸಿನಲ್ಲಿರುವ ಪೈಪರಿನ್ ಜೊತೆಗೂಡಿದಾಗ ಮನುಷ್ಯದೇಹದಲ್ಲಿ ಕುರ್ಕುಮಿನ್‌ನ ಲಭ್ಯತೆಯು ಬಹುಪಟ್ಟು ವರ್ಧಿಸುವುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಿಂದ ಕಂಡುಬಂದಿತು. ಹಸಿಶುಂಠಿಯ ಖಾರಕ್ಕೆ ಕಾರಣವಾದ ಜಿಂಜೆರಾಲ್ ಒಣಗಿಸಿದಾಗ ಅಂಶತಃ ಶೋಗಾಲ್ ಎಂಬ ತೀಕ್ಷ್ಣತರ ದ್ರವ್ಯವಾಗಿ ಪರಿಣಮಿಸುತ್ತದೆ. ಆರ್ದ್ರಕ, ಶುಂಠಿ ಎಂದು ಹಸಿಯದಕ್ಕೂ ಒಣಗಿದುದಕ್ಕೂ ಬೇರೆ ಬೇರೆ ಹೆಸರನ್ನೂ ಬೇರೆ ಬೇರೆ ಗುಣವನ್ನೂ ನಿರ್ದೇಶಿಸಿದ ಪ್ರಾಚೀನರ ವಿವೇಚನೆ ನಿರರ್ಥಕವಾದುದಲ್ಲ.

ಗುಣವಿಚಾರ

ಶಾಸ್ತ್ರೀಯ ಆಯುರ್ವೇದದಲ್ಲಿ ದ್ರವ್ಯವೊಂದರ ಕಾರ್ಯವನ್ನು ರಸ, ಗುಣ, ವೀರ್ಯ, ವಿಪಾಕ, ಪ್ರಭಾವ ಎಂಬ ಐದು ತತ್ತ್ವಗಳಿಂದ ನಿರೂಪಿಸುವುದುಂಟು. ಮನೆಬಳಕೆಯಲ್ಲಿ ಇದು ಸಂಕ್ಷೇಪಗೊಂಡು ಉಷ್ಣ ಮತ್ತು ತಂಪು ಎಂಬ ಎರಡು ಮಾತುಗಳಲ್ಲಿ ನಿಂತಿದೆ. ಮೆಂತ್ಯ, ಒಂದೆಲಗ, ಕೊತ್ತಂಬರಿ, ಲಾವಂಚ, ಸೊಗದೆ ಬೇರು ಇವು ತಂಪು. ಶುಂಠಿ, ಮೆಣಸು, ಹಿಪ್ಪಲಿ, ಓಮ, ಸಾಸಿವೆ ಇವು ಉಷ್ಣ. ಮನೆಯ ತಂಪು ಯಾವಾಗಲೂ ಶಾಸ್ತ್ರದ ಶೀತವೀರ್ಯವೇ ಆಗಿರಬೇಕೆಂಬ ನಿಯಮವಿಲ್ಲ. ಶಾಸ್ತ್ರವು ಉಷ್ಣವೆನ್ನುವ ಮೆಂತ್ಯವನ್ನು ಕನ್ನಡದ ಮನೆಗಳು ನೆನೆಸಿ ಮಜ್ಜಿಗೆಯೊಡನೆ ತಂಪಿಗಾಗಿಯೇ ಕೊಡುತ್ತವೆ. ನೆನೆಹಾಕುವ ಸಂಸ್ಕಾರ ಮತ್ತು ಮಜ್ಜಿಗೆಯ ಅನುಪಾನ ಇಲ್ಲಿ ಗುಣವನ್ನು ತಿರುಗಿಸುವುವೆಂದು ಮನೆಯವರು ತಿಳಿದಿರುತ್ತಾರೆ.

ಪಾಕಕ್ರಮಗಳು

ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂಬ ಪಂಚವಿಧ ಕಷಾಯಕಲ್ಪನೆಯು ಶಾಸ್ತ್ರಪ್ರಸಿದ್ಧವಾದುದು. ಹಿಂಡಿದ ರಸ, ಅರೆದ ಮುದ್ದೆ, ಕುದಿಸಿದ ಕಷಾಯ, ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿದ ನೀರು, ಬಿಸಿನೀರಿನಲ್ಲಿ ಅದ್ದಿ ಸೋಸಿದ ದ್ರವ ಎಂಬ ಈ ಐದೂ ಮನೆಗಳಲ್ಲಿ ಹೆಸರಿಲ್ಲದೆಯೇ ರೂಢಿಯಲ್ಲಿವೆ. ಕ್ವಾಥಕ್ಕೆ ದ್ರವ್ಯದ 16 ಪಟ್ಟು ನೀರನ್ನು ಹಾಕಿ ಎಂಟನೆಯ ಒಂದಂಶಕ್ಕೆ ಇಳಿಸಬೇಕೆಂದು ಶಾರ್ಙ್ಗಧರಸಂಹಿತೆಯ ವಿಧಿ. ಮನೆಯಲ್ಲಿ ನಾಲ್ಕು ಲೋಟವನ್ನು ಒಂದಕ್ಕೆ ಇಳಿಸುವುದೇ ಸಾಮಾನ್ಯ. ಮಲೆನಾಡಿನಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು, ಒಣಶುಂಠಿಗಳನ್ನು ಹುರಿದು ಪುಡಿಮಾಡಿ, ಬೆಲ್ಲ ಹಾಲುಗಳೊಡನೆ ಕುದಿಸಿ ಕುಡಿಯುವ ಕಷಾಯವು ಮದ್ದಿನ ಪದವಿಯಿಂದ ಇಳಿದು ನಿತ್ಯಪಾನೀಯವಾಗಿ, ಕಾಫಿ ಚಹಾಗಳ ಪಕ್ಕದಲ್ಲಿ ಇಂದಿಗೂ ನಿಂತಿದೆ.

ಆಹಾರರೂಪದ ಪಾಕಗಳಲ್ಲಿ ಅಗ್ರಸ್ಥಾನವು ತಂಬುಳಿಗೆ ಸಲ್ಲತಕ್ಕುದು. ಉತ್ತರಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣಕನ್ನಡ ಸೀಮೆಗಳಲ್ಲಿ ಇದು ಪ್ರಚುರವಾಗಿದೆ. ಸೊಪ್ಪು ಅಥವಾ ಕುಡಿಯನ್ನು ಜೀರಿಗೆ ಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ, ಉಪ್ಪು ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧವಾಗುತ್ತದೆ. ಮಜ್ಜಿಗೆ ಸೇರಿದ ಮೇಲೆ ಇದನ್ನು ಕುದಿಸಕೂಡದು. ಅನ್ನದೊಡನೆ ಊಟದ ಮೊದಲಲ್ಲಿಯೇ ಇದನ್ನು ಬಡಿಸುವುದು ವಾಡಿಕೆ. ಸಾರು ಹುಳಿಗಳ ಖಾರವು ನಾಲಗೆಯನ್ನು ಆಕ್ರಮಿಸಿದ ಮೇಲೆ ಎಲೆಯ ಸೂಕ್ಷ್ಮವಾದ ಒಗರೂ ಕಹಿಯೂ ಗೊತ್ತಾಗುವುದಿಲ್ಲ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಎಲವರಿಗೆ, ನೆಲನೆಲ್ಲಿ ಇವುಗಳಿಂದಲ್ಲದೆ ಶುಂಠಿ, ಮೆಂತ್ಯ, ದಾಳಿಂಬೆಯ ಸಿಪ್ಪೆ ಮುಂತಾದವುಗಳಿಂದಲೂ ತಂಬುಳಿ ಮಾಡುತ್ತಾರೆ. ಸೀಬೆಯ ಮತ್ತು ದಾಳಿಂಬೆಯ ಕುಡಿಗಳ ತಂಬುಳಿಯನ್ನು ಹೊಟ್ಟೆ ಕೆಟ್ಟಾಗ ಕೊಡುತ್ತಾರೆ. ಇವೆರಡರಲ್ಲಿಯೂ ಒಗರಿಗೆ ಕಾರಣವಾದ ಟ್ಯಾನಿನ್ ಹೇರಳವಾಗಿದೆ.

ಬಯಲುಸೀಮೆಯ ಕ್ರಮ ಬೇರೆ. ಮಳೆ ಬಿದ್ದ ಮೇಲೆ ರಾಗಿಹೊಲಗಳಲ್ಲಿ ತಾವಾಗಿಯೇ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನ್ನೆ, ಕಿರಕಸಾಲೆ ಮುಂತಾದುವನ್ನು ಒಟ್ಟಾಗಿ ಕಿತ್ತು ತಂದು ಬೆರಕೆಸೊಪ್ಪೆಂಬ ಹೆಸರಿನಲ್ಲಿ ಮಸ್ಸೊಪ್ಪನ್ನೋ ಬಸ್ಸಾರನ್ನೋ ಮಾಡಿ ಮುದ್ದೆಯೊಡನೆ ಉಣ್ಣುವುದು ಅಲ್ಲಿನ ಪದ್ಧತಿ. ಇವುಗಳ ಪೈಕಿ ಗಣಿಕೆಸೊಪ್ಪು ಬಾಯಿಹುಣ್ಣಿಗೆ, ಹೊನಗೊನ್ನೆ ಕಣ್ಣಿಗೆ ಹಿತವೆಂದು ಪ್ರತೀತಿ. ಉತ್ತರಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಎಳೆಯ ಮೆಂತ್ಯಸೊಪ್ಪನ್ನೂ ಹಕ್ಕರಿಕೆಯನ್ನೂ ಹಸಿಯಾಗಿಯೇ ತಿನ್ನುವರು.

ಮುಖ್ಯ ಮೂಲಿಕೆಗಳು

ಒಂದೆಲಗ: ಸೆಂಟೆಲ್ಲ ಏಷ್ಯಾಟಿಕ ಎಂಬ ಶಾಸ್ತ್ರೀಯ ನಾಮದ ಈ ಸಸ್ಯವು ಎಪಿಯೇಸೀ ಕುಟುಂಬಕ್ಕೆ ಸೇರಿದುದು. ತೇವದ ನೆಲದಲ್ಲಿ, ಗದ್ದೆಯ ಬದುಗಳಲ್ಲಿ ನೆಲಕ್ಕೆ ಹರಡಿ, ಗೆಣ್ಣುಗೆಣ್ಣಿಗೂ ಬೇರುಬಿಟ್ಟು ಬೆಳೆಯುತ್ತದೆ. ಎಲೆ ಮೂತ್ರಪಿಂಡದ ಆಕಾರದ್ದು. ತುಳುವಿನಲ್ಲಿ ತಿಮರೆ, ಉತ್ತರಕನ್ನಡದಲ್ಲಿ ಉರಗೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಏಷ್ಯಾಟಿಕೊಸೈಡ್ ಮೊದಲಾದ ಟ್ರೈಟರ್ಪೀನುಗಳು ಇದರ ಸಾರದ್ರವ್ಯಗಳು. ಮೇಧಾಶಕ್ತಿಯನ್ನು ವರ್ಧಿಸುವುದೆಂದು ಮಕ್ಕಳಿಗೆ ಕೊಡುವುದು ನಾಡಿನಾದ್ಯಂತ ರೂಢಿ; ತಂಬುಳಿ, ಚಟ್ನಿಗಳಲ್ಲದೆ ಎಲೆಯ ರಸದಿಂದ ಕಾಯಿಸಿದ ತಲೆಯೆಣ್ಣೆಯೂ ಬಳಕೆಯಲ್ಲಿದೆ. ಕನ್ನಡದಲ್ಲಿ ಇದನ್ನು ಬ್ರಾಹ್ಮಿಯೆಂದೂ ಕರೆಯುವುದರಿಂದ, ಅದೇ ಹೆಸರುಳ್ಳ ಬಕೋಪ ಮೊನಿಯೇರಿ, ಅರ್ಥಾತ್ ನೀರುಬ್ರಾಹ್ಮಿಯೊಡನೆ ಗೊಂದಲವುಂಟಾಗಿದೆ. ಇವು ಕುಟುಂಬದಲ್ಲಿಯೂ ಸಾರದ್ರವ್ಯದಲ್ಲಿಯೂ ಭಿನ್ನವಾದ ಎರಡು ಸಸ್ಯಗಳು. ಒಂದರ ಮೇಲಿನ ಪರೀಕ್ಷೆಯ ಫಲವನ್ನು ಇನ್ನೊಂದಕ್ಕೆ ಆರೋಪಿಸುವುದು ಜನಪ್ರಿಯ ಬರೆಹಗಳಲ್ಲಿ ಪದೇ ಪದೇ ಕಾಣುವ ಪ್ರಮಾದವಾಗಿದೆ.

ದೊಡ್ಡಪತ್ರೆ: ಕೋಲಿಯಸ್ ಆಂಬೋಯಿನಿಕಸ್; ಸಾಂಬ್ರಾಣಿಸೊಪ್ಪು, ಸಾಂಬಾರಬಳ್ಳಿ ಎಂದೂ ಹೆಸರುಂಟು. ದಪ್ಪವಾದ, ರೋಮಮಯವಾದ, ರಸಭರಿತವಾದ ಎಲೆಗಳುಳ್ಳ ಇದನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ. ಇದರ ತೈಲದ ಮುಖ್ಯಾಂಶಗಳು ಕಾರ್ವಕ್ರಾಲ್ ಮತ್ತು ಥೈಮಾಲ್. ಇದಕ್ಕೆ ಯಾವ ಬಾಂಧವ್ಯವೂ ಇಲ್ಲದ ಓಮದಲ್ಲಿಯೂ ಥೈಮಾಲೇ ಪ್ರಧಾನವಾಗಿರುವುದರಿಂದ ಎರಡರ ವಾಸನೆಯೂ ಒಂದೇ ತೆರನಾಗಿದ್ದು, ಶೀತಕ್ಕೂ ಅಜೀರ್ಣಕ್ಕೂ ಎರಡನ್ನೂ ಕೊಡುವ ವಾಡಿಕೆ ಬೆಳೆದಿದೆ. ಘ್ರಾಣವನ್ನೇ ಪ್ರಮಾಣವಾಗಿಟ್ಟುಕೊಂಡು ಗಿಡಗಳನ್ನು ವರ್ಗೀಕರಿಸುವ ಜನಪದ ಕ್ರಮಕ್ಕೆ ಇದು ಒಳ್ಳೆಯ ನಿದರ್ಶನ.

ತುಳಸಿ ಮತ್ತು ಕಾಮಕಸ್ತೂರಿ: ಇವು ಆಸಿಮಮ್ ಕುಲದ ಎರಡು ಪ್ರಭೇದಗಳು. ತುಳಸಿಯು ಪೂಜಾರ್ಹವಾದುದರಿಂದ ಅಡುಗೆಗೆ ಸಾಮಾನ್ಯವಾಗಿ ಸಲ್ಲದು. ತೀರ್ಥದಲ್ಲಿ, ಕಷಾಯದಲ್ಲಿ, ಮೆಣಸಿನೊಡನೆ ಕೆಮ್ಮಿನ ಮದ್ದಿನಲ್ಲಿ ಅದರ ಬಳಕೆ. ಕಾಮಕಸ್ತೂರಿಯ ಬೀಜವನ್ನು ನೀರಿನಲ್ಲಿ ನೆನೆಹಾಕಿದರೆ ಲೋಳೆಯ ಹೊದಿಕೆಯನ್ನು ತಳೆದು ಉಬ್ಬುತ್ತದೆ. ಬೇಸಗೆಯ ಪಾನಕಕ್ಕೆ ಅದನ್ನು ಸೇರಿಸುವರು.

ಕರಿಬೇವು: ಲಿನೀಯಸ್‌ನ ಶಿಷ್ಯನಾಗಿ ತರಂಗಂಬಾಡಿಗೆ ಬಂದ ಕೇನಿಗ್ ಎಂಬವನ ಹೆಸರನ್ನು ಹೊತ್ತು ಬೆರ್ಗೆರ ಕೇನಿಗಿ ಎಂದೂ ಮುರ್ರಾಯ ಕೇನಿಗಿ ಎಂದೂ ಶಾಸ್ತ್ರದಲ್ಲಿ ಕರೆಯಲ್ಪಡುತ್ತದೆ. ಹೆಸರಿನಲ್ಲಿ ಬೇವಿದ್ದರೂ ಇದು ಬೇವಿನ ಕುಟುಂಬಕ್ಕೆ ಸೇರಿದುದಲ್ಲ. ಒಗ್ಗರಣೆಯ ಎಲೆಯನ್ನು ತಟ್ಟೆಯ ಅಂಚಿಗೆ ಸರಿಸುವವರೇ ಹೆಚ್ಚಾದುದರಿಂದ ಪೂರ್ಣಪ್ರಯೋಜನವು ದೊರೆಯುವುದು ಚಟ್ನಿಪುಡಿ ತಂಬುಳಿಗಳಲ್ಲಿ ಮಾತ್ರ.

ಶುಂಠಿ, ಅರಿಶಿನ, ಮೆಣಸು, ಹಿಪ್ಪಲಿ: ಒಣಶುಂಠಿ, ಕಾಳುಮೆಣಸು, ಹಿಪ್ಪಲಿ ಮೂರೂ ಸಮಭಾಗದಲ್ಲಿ ಕೂಡಿದುದು ತ್ರಿಕಟು. ಶುಂಠಿಯು ವನ್ಯಸ್ಥಿತಿಯಲ್ಲಿ ಎಲ್ಲಿಯೂ ಕಂಡುಬಾರದೆ, ಮನುಷ್ಯನ ಕೃಷಿಯಲ್ಲಿ ಕಂದದ ತುಂಡಿನಿಂದಲೇ ಸಂತತಿಯನ್ನು ಮುಂದುವರಿಸಿಕೊಂಡು ಬಂದಿದೆ. ಅರಿಶಿನವು ಗಾಯಕ್ಕೆ ಲೇಪವಾಗಿ, ಕೆಮ್ಮಿಗೆ ಹಾಲಿನೊಡನೆ, ಬಹುತೇಕ ಎಲ್ಲ ವ್ಯಂಜನಗಳಲ್ಲಿಯೂ ಸಲ್ಲುತ್ತದೆ. ಕರಾವಳಿಯಲ್ಲಿ ನಾಗರಪಂಚಮಿಯಂದು ಅದರ ಹಸಿ ಎಲೆಯಲ್ಲಿ ಅಕ್ಕಿಹಿಟ್ಟು ಸವರಿ ಕಾಯಿಬೆಲ್ಲದ ಹೂರಣವಿಟ್ಟು ಕಡುಬು ಬೇಯಿಸುವರು.

ಮಾಗಳಿ ಬೇರು ಮತ್ತು ಸೊಗದೆ ಬೇರು: ದಖನ್ನಿನ ದಕ್ಷಿಣಭಾಗದ ಕಲ್ಲುಗುಡ್ಡಗಳಿಗೆ ಸೀಮಿತವಾದ ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಎಂಬ ಬಳ್ಳಿಯ ದಪ್ಪನಾದ ಬೇರೇ ಮಾಗಳಿ. ಹಳೆಯ ಮೈಸೂರು ಸೀಮೆಯಲ್ಲಿ ಇದರ ಸಿಪ್ಪೆ ಹೆರೆದು, ನಡುವಣ ನಾರನ್ನು ತೆಗೆದು, ನಿಂಬೆರಸ ಅಥವಾ ಮಜ್ಜಿಗೆಯಲ್ಲಿ ಸಾಸಿವೆಯೊಡನೆ ಉಪ್ಪಿನಕಾಯಿ ಹಾಕುತ್ತಾರೆ. ವೆನಿಲ್ಲದ ಪರಿಮಳದ್ರವ್ಯಕ್ಕೆ ಸಮಾನ ಅಣುಸೂತ್ರವುಳ್ಳ ಒಂದು ಆಲ್ಡಿಹೈಡ್ ಇದರ ಉಗ್ರಗಂಧಕ್ಕೆ ಕಾರಣ. ಮೊದಲಬಾರಿಗೆ ಮೂಸಿದವರಿಗೆ ಇದು ಅಸಹ್ಯವಾಗಿಯೂ, ಅಭ್ಯಾಸವಾದವರಿಗೆ ಅನಿವಾರ್ಯವಾಗಿಯೂ ತೋರುತ್ತದೆ. ಅದೇ ದ್ರವ್ಯವನ್ನು ಅಲ್ಪವಾಗಿ ಹೊಂದಿರುವ ಸೊಗದೆ ಬೇರು, ಅಂದರೆ ಹೆಮಿಡೆಸ್ಮಸ್ ಇಂಡಿಕಸ್, ಬೇಸಗೆಯ ಶರಬತ್ತಿಗೂ ರಕ್ತಶುದ್ಧಿಯ ಕಷಾಯಕ್ಕೂ ಬಳಕೆಯಾಗುತ್ತದೆ. ಸಾರಿವಾ ಎಂಬ ಒಂದೇ ಸಂಸ್ಕೃತನಾಮದಡಿ ವ್ಯಾಪಾರದಲ್ಲಿ ಇವೆರಡೂ ಒಂದರ ಬದಲು ಇನ್ನೊಂದಾಗಿ ಮಾರಾಟವಾಗುವುದುಂಟು.

ನೆಲನೆಲ್ಲಿ: ಫಿಲ್ಲಾಂಥಸ್ ಅಮಾರಸ್. ಕಾಮಾಲೆಗೆ ಹಾಲು ಅಥವಾ ಮಜ್ಜಿಗೆಯೊಡನೆ ಅರೆದು ಕೊಡುವುದು ಪ್ರಸಿದ್ಧವಾಗಿದೆ. ಯಕೃತ್ತಿನ ‘ಬಿ’ ವೈರಾಣು ಸೋಂಕುಳ್ಳವರಲ್ಲಿ ಇದು ಫಲಕಾರಿಯೆಂದು ಮದರಾಸಿನ ಸಂಶೋಧಕರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಮಾಡಿದರು. ಅನಂತರ ಅನ್ಯತ್ರ ನಡೆದ ಪರೀಕ್ಷೆಗಳು ಅದನ್ನು ದೃಢಪಡಿಸಲಿಲ್ಲ.

ಋತುನಿಯತ ಬಳಕೆಗಳು

ಮೂಲಿಕೆಗಳಲ್ಲಿ ಕೆಲವು ಪಂಚಾಂಗದ ನಿರ್ದಿಷ್ಟ ದಿನಕ್ಕೆ ಬದ್ಧವಾಗಿವೆ. ಯುಗಾದಿಯ ಬೇವುಬೆಲ್ಲವು ಸರ್ವವಿದಿತವಾದುದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ವ್ಯಾಪಿಸುವ, ಮಳೆಯ ಹೊಡೆತದಲ್ಲಿ ಹಿಂದೆ ಧಾನ್ಯದ ಅಭಾವವೂ ಜ್ವರದ ಬಾಧೆಯೂ ಒಟ್ಟಿಗೆ ಬರುತ್ತಿದ್ದ ಕರ್ಕಾಟಕ ಮಾಸದಲ್ಲಿ ಇಂಥ ಆಚರಣೆಗಳು ಸಾಂದ್ರವಾಗಿರುವುದು ಆಕಸ್ಮಿಕವೆನ್ನಲಾಗದು.

ಈ ಮಾಸವನ್ನು ಆಟಿಯೆನ್ನುವ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ, ಶಾಸ್ತ್ರನಾಮದಲ್ಲಿ ಆಲ್‌ಸ್ಟೋನಿಯ ಸ್ಕೊಲಾರಿಸ್, ತೊಗಟೆಯನ್ನು ಲೋಹ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಮೆಣಸು, ಅರಿಶಿನಗಳೊಡನೆ ಅರೆದು ರಸ ಹಿಂಡಿ, ಕಾಯಿಸಿದ ಬಿಳಿಗಲ್ಲನ್ನು ಅದರಲ್ಲಿ ಅದ್ದಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಅತ್ಯಂತ ಕಹಿಯೂ ಉಷ್ಣವೂ ಆದ ಈ ಪಾನದ ಬಳಿಕ ತಂಪಿಗಾಗಿ ಮೆಂತ್ಯದ ಗಂಜಿಯನ್ನು ಉಣ್ಣುವುದು ನಿಯಮ. ಇದೇ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆಯನ್ನೂ ತಜಂಕ್ ಎಂದು ತುಳುವಿನಲ್ಲಿ ಕರೆಯುವ ತಗಟೆಸೊಪ್ಪಿನ ಭಕ್ಷ್ಯಗಳನ್ನೂ ಮಾಡುವರು. ಕೆಸುವಿನಲ್ಲಿರುವ ಕ್ಯಾಲ್ಸಿಯಮ್ ಆಕ್ಸಲೇಟಿನ ಸೂಜಿಹರಳುಗಳು ಗಂಟಲನ್ನು ತುರಿಸುವಂತೆ ಮಾಡುವುದರಿಂದ ಹುಣಿಸೆಯ ಹುಳಿ ಮತ್ತು ದೀರ್ಘಕಾಲದ ಬೇಯಿಸುವಿಕೆ ಅನಿವಾರ್ಯ.

ಕೊಡಗಿನಲ್ಲಿ ಕಕ್ಕಡವೆನ್ನುವ ಇದೇ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ ತಿಂಗಳ ಮೊದಲಲ್ಲಿ, ಜಸ್ಟಿಸಿಯ ವೈನಾಡೆನ್ಸಿಸ್ ಎಂಬ ಕಾಡುಗಿಡದಲ್ಲಿ 18 ಬಗೆಯ ಮದ್ದುಗಳು ಬಂದು ಸೇರುವುವೆಂಬ ನಂಬಿಕೆಯುಂಟು. ಮದ್ದುಸೊಪ್ಪೆಂದೇ ಹೆಸರಾದ ಇದರ ಎಲೆಕಡ್ಡಿಗಳನ್ನು ಕುದಿಸಿ ಬಸಿದ ಗಾಢನೇರಿಳೆ ಬಣ್ಣದ ನೀರಿನಲ್ಲಿ ಅಕ್ಕಿಯ ಪುಟ್ಟನ್ನೋ ಪಾಯಸವನ್ನೋ ಮಾಡಿ ಜೇನು ತುಪ್ಪಗಳೊಡನೆ ತಿನ್ನುತ್ತಾರೆ. ತಿಂದವರ ಮೂತ್ರವು ಮರುದಿನ ಕೆಂಪಾಗುವುದು ಸಹಜವಾದುದು, ರೋಗಲಕ್ಷಣವಲ್ಲ.

ಬಾಣಂತಿ ಮತ್ತು ಶಿಶುಗಳ ಉಪಚಾರ

ಮನೆಮದ್ದಿನ ಶಿಸ್ತು ಅತ್ಯಂತ ಕಟ್ಟುನಿಟ್ಟಾಗಿ ಉಳಿದಿರುವ ಕ್ಷೇತ್ರ ಬಾಣಂತನ. ಹಿಪ್ಪಲಿ, ಒಣಶುಂಠಿ, ಮೆಣಸು, ಜೀರಿಗೆ ಮುಂತಾದವುಗಳಿಂದ ಕೂಡಿದ ಬಾಣಂತಿಖಾರವನ್ನು ಬಿಸಿಯನ್ನದ ಮೊದಲ ತುತ್ತುಗಳಿಗೆ ತುಪ್ಪದೊಡನೆ ಕಲಸಿ ಕೊಡುತ್ತಾರೆ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿಗಳು ಎದೆಹಾಲನ್ನು ವೃದ್ಧಿಪಡಿಸುವುವೆಂದು ಗ್ರಹಿಕೆ.

ಶಿಶುವಿಗೆ ಬಜೆ, ಜಾಯಿಕಾಯಿ, ಮಾಸಿಕಾಯಿ, ಅಳಲೆಕಾಯಿ ಮುಂತಾದುವನ್ನು ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲಿ ತೇಯ್ದು ನೆಕ್ಕಿಸುವ ಸುತ್ತುಮದ್ದಿನ ಕ್ರಮದಲ್ಲಿ ಪ್ರಮಾಣವನ್ನು ನಿರ್ಧರಿಸುವುದು ತೂಕದಿಂದಲ್ಲ, ಕಲ್ಲಿನ ಮೇಲೆ ತೇಯುವ ಸುತ್ತುಗಳ ಎಣಿಕೆಯಿಂದ. ಕೂಸು ಬೆಳೆದಂತೆ ಸುತ್ತುಗಳೂ ಹೆಚ್ಚುತ್ತವೆ. ಚಿಟಿಕೆಗಿಂತಲೂ ಸೂಕ್ಷ್ಮವಾದ ಮಾತ್ರೆಯನ್ನು ತಕ್ಕಡಿಯಿಲ್ಲದೆ ಅಳೆಯಲು ಕಂಡುಕೊಂಡ ಈ ಉಪಾಯವು ಚಮತ್ಕಾರವಾದುದೇ ಆದರೂ, ಬಜೆಯಲ್ಲಿರುವ ಬೀಟಾ-ಅಸಾರೋನ್ ಪ್ರಾಣಿಪ್ರಯೋಗಗಳಲ್ಲಿ ಅರ್ಬುದಕಾರಿಯೆಂದು ಕಂಡುಬಂದ ಕಾರಣ ಅಮೆರಿಕ ಸಂಯುಕ್ತ ಸಂಸ್ಥಾನವು 1968ರಲ್ಲಿ ಅದನ್ನು ಆಹಾರದಲ್ಲಿ ನಿಷೇಧಿಸಿತೆಂಬುದನ್ನೂ, ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನನ್ನೂ ಶಿಶುವಿಗೆ ಕೊಡಬಾರದೆಂಬುದೂ, ವರ್ಷ ತುಂಬುವ ಮುನ್ನ ಜೇನುತುಪ್ಪವು ನಿಷಿದ್ಧವೆಂಬುದೂ ಇಂದಿನ ಮಕ್ಕಳ ವೈದ್ಯರ ಮತವೆಂಬುದನ್ನೂ ಇಲ್ಲಿಯೇ ದಾಖಲಿಸಬೇಕು.

ಅಪಾಯಗಳು

ಸಸ್ಯಜನ್ಯವಾದುದೆಲ್ಲ ನಿರಪಾಯವೆಂಬ ಮಾತು ಶಾಸ್ತ್ರದಿಂದಲಾಗಲಿ ಮನೆಬಳಕೆಯಿಂದಲಾಗಲಿ ಸಮರ್ಥಿತವಾಗುವುದಿಲ್ಲ. ಅಪಾಯದ ಮೊದಲನೆಯ ಮೂಲ ತಪ್ಪುಗುರುತು. ಹಾಲೆಯ ತೊಗಟೆಯನ್ನು ಕತ್ತಲಲ್ಲಿ ತರುವ ಪದ್ಧತಿಯಿರುವುದರಿಂದ, ಸ್ಟ್ರಿಕ್ನಿನ್ ಎಂಬ ಉಗ್ರವಿಷವುಳ್ಳ ಕಾಸರಕನ ಮರದೊಡನೆ ಪ್ರಮಾದವಾಗದಂತೆ ಮರವನ್ನು ಹಿಂದಿನ ಹಗಲೇ ಗುರುತಿಸಿ ಇಡುವುದು ಯುಕ್ತ. ಅಮೃತಬಳ್ಳಿಯನ್ನು ಅದರ ಸಮೀಪಬಂಧುವಾದ ಟೈನೋಸ್ಪೋರ ಕ್ರಿಸ್ಪದಿಂದ ಪ್ರತ್ಯೇಕಿಸುವುದೂ ಸುಲಭವಲ್ಲ. 2020ರಿಂದೀಚೆಗೆ ಕೋವಿಡ್ ಭೀತಿಯಿಂದ ಅಮೃತಬಳ್ಳಿಯ ಕಷಾಯವನ್ನು ದೀರ್ಘಕಾಲ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಊತವನ್ನು ಭಾರತೀಯ ವೈದ್ಯರು ವರದಿಮಾಡಿದರು. ಆಯುಷ್ ಸಚಿವಾಲಯವು ಆ ನಿರ್ಣಯವನ್ನು ಒಪ್ಪಲಿಲ್ಲ.

ಎರಡನೆಯದು ಪಾಕದ ಮತ್ತು ಪ್ರಮಾಣದ ಅತಿಕ್ರಮ. ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಚಕ್ರಮುನಿ. ವಿಟಮಿನ್ ಸೊಪ್ಪೆಂದು ಹಿತ್ತಲಲ್ಲಿ ಬೆಳೆಸಿ, ಬೇಯಿಸಿಯೋ ಬಾಡಿಸಿಯೋ ಕನ್ನಡಿಗರು ಮಿತವಾಗಿ ತಿನ್ನುವ ಈ ಎಲೆಯನ್ನು ತೈವಾನಿನಲ್ಲಿ 1994-95ರ ಸುಮಾರಿಗೆ ಮೈಬೊಜ್ಜು ಕರಗಿಸುವ ಆಸೆಯಿಂದ ಹಸಿರಸವಾಗಿ ದಿನಂಪ್ರತಿ ಕುಡಿದ ಅನೇಕರು ಶ್ವಾಸನಾಳದ ಕವಲುಗಳು ಮುಚ್ಚಿಹೋಗುವ ಅಸಾಧ್ಯ ರೋಗಕ್ಕೆ ತುತ್ತಾದರು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಗರ್ಭಿಣಿಯರು ಇವರಿಗೆ ಊಟದ ಪ್ರಮಾಣವನ್ನು ಮೀರಿದ ಮೂಲಿಕಾಸೇವನೆ ವೈದ್ಯರ ಸಲಹೆಯಿಲ್ಲದೆ ಸಲ್ಲದು. ಅರಿಶಿನದ ಪುಡಿಗೆ ಹೊಳಪಿಗಾಗಿ ಸೀಸದ ಕ್ರೋಮೇಟನ್ನು ಬೆರೆಸುವ ಕಲಬೆರಕೆಯು ಈ ಪ್ರಕರಣಕ್ಕೆ ಸೇರಿದ ಬೇರೊಂದು ಪಿಡುಗು.

ಸದ್ಯದ ಸ್ಥಿತಿ

ಗಾಯ ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಕೊಡಲಾಗಿದ್ದ ಏಕಸ್ವಾಮ್ಯವನ್ನು, ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಲಿಯು ಪ್ರಾಚೀನ ಗ್ರಂಥಗಳ ಆಧಾರದಿಂದ ಪ್ರತಿಭಟಿಸಲಾಗಿ, 1997ರಲ್ಲಿ ರದ್ದುಪಡಿಸಲಾಯಿತು. 2001ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಗಣಕೀಕೃತ ಗ್ರಂಥಾಲಯವು ಇಂಥ ಪ್ರಸಂಗಗಳ ಫಲ. ಆದರೆ ಆ ಸಂಗ್ರಹವು ಮುಖ್ಯವಾಗಿ ಶಾಸ್ತ್ರಗ್ರಂಥಗಳನ್ನು ಅವಲಂಬಿಸಿರುವುದರಿಂದ ತಂಬುಳಿ, ಸುತ್ತುಮದ್ದುಗಳಂಥ ಅಲಿಖಿತ ಜ್ಞಾನವು ಬಹುಪಾಲು ಅದರ ಹೊರಗೆ ಉಳಿದಿದೆ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು ಅರಣ್ಯ ಇಲಾಖೆಗಳೊಡನೆ ಸೇರಿ ಔಷಧೀಯ ಸಸ್ಯಸಂರಕ್ಷಣಾ ಪ್ರದೇಶಗಳನ್ನು ರೂಪಿಸಿತು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಸಂಬಾರ ಪದಾರ್ಥಗಳ ಶಾರೀರಿಕ ಪರಿಣಾಮಗಳನ್ನು ಕುರಿತ ಅಧ್ಯಯನ ದೀರ್ಘಕಾಲದಿಂದ ನಡೆದಿದೆ.

ಬಳಕೆಯ ಕ್ರಮದಲ್ಲಿಯೂ ಮಾರ್ಪಾಟುಗಳಾಗಿವೆ. ಕಷಾಯದ ಪುಡಿ, ಬಾಣಂತಿಖಾರ, ಒಂದೆಲಗದ ಗುಳಿಗೆಗಳು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ; ಮದ್ದುಸೊಪ್ಪು ಆಗಸ್ಟ್ ಮೊದಲ ದಿನಗಳಲ್ಲಿ ಕೊಡಗಿನ ಸಂತೆಗಳಲ್ಲಿ ಕಟ್ಟುಗಟ್ಟಲೆ ಮಾರಾಟವಾಗುತ್ತದೆ; ಹಾಲೆಯ ಕಷಾಯವನ್ನು ಪೇಟೆಗಳಲ್ಲಿ ಸಂಘಸಂಸ್ಥೆಗಳು ಸಾರ್ವಜನಿಕವಾಗಿ ಹಂಚುತ್ತವೆ. ಕಳೆನಾಶಕಗಳ ಸಿಂಪಡಣೆ ಹೆಚ್ಚಿದಂತೆ ಬಯಲುಸೀಮೆಯ ಬೆರಕೆಸೊಪ್ಪು ಹೊಲದಿಂದ ಹಿಂದೆ ಸರಿಯುತ್ತಿದೆ. ಎಲೆಯನ್ನು ಕೊಯ್ದರೆ ಗಿಡ ಮತ್ತೆ ಚಿಗುರುವುದಾದರೂ ಬೇರನ್ನು ಅಗೆದರೆ ಬಳ್ಳಿಯೇ ನಾಶವಾಗುವುದರಿಂದ, ಈ ಮೂಲಿಕೆಗಳಲ್ಲಿ ಅತ್ಯಂತ ಕಷ್ಟಕ್ಕೊಳಗಾಗಿರುವುದು ಮಾಗಳಿ. ಉಪ್ಪಿನಕಾಯಿಗಾಗಿಯೂ ಸೊಗದೆ ಬೇರಿನ ಬದಲಾಗಿ ಔಷಧೋದ್ಯಮಕ್ಕಾಗಿಯೂ ಕಾಡಿನಿಂದಲೇ ಅಗೆದು ತರಲಾಗುವ ಇದು ವಿನಾಶದ ಭೀತಿಯಲ್ಲಿರುವ ಸಸ್ಯಗಳ ಸಾಲಿಗೆ ಸೇರಿದೆ. ಬೀಜದಿಂದಲೂ ಅಂಗಾಂಶಕೃಷಿಯಿಂದಲೂ ಸಸಿ ಬೆಳೆಸುವ ವಿಧಾನಗಳು ಸಿದ್ಧವಾಗಿದ್ದರೂ, ಬೇರು ಅಗೆಯುವಷ್ಟು ಬಲಿಯಲು ಹಲವು ವರ್ಷಗಳು ಬೇಕಾಗುವ ಕಾರಣ ರೈತರ ಹೊಲಕ್ಕೆ ಅದು ಇನ್ನೂ ವ್ಯಾಪಕವಾಗಿ ಬಂದಿಲ್ಲ.